ಅಜ್ಜಿಗೆ ಎಚ್ಚರ ಆಗುವುದು ಯಾವಾಗ? ಸಂಡೇ ಸ್ಕೂಲಿನ ಒಂದು ಪ್ರಕರಣ

ಜೂನ್ ತಿಂಗಳ ಕೊನೆಯ ಭಾನುವಾರ. ಹೊರಗೆ ಜೋರು ಮಳೆ. ಸಂಡೇ ಸ್ಕೂಲಿನ ಚಿಕ್ಕ ಮಕ್ಕಳ ಕ್ಲಾಸಿಗೆ ಆವತ್ತು ಬಂದವರು ಒಂಬತ್ತೇ ಮಕ್ಕಳು. ನಾನು ಹಾಜರಿ ಹಾಕುತ್ತಿದ್ದೆ. ನಾಲ್ಕೂವರೆ ವರ್ಷದ ಹುಡುಗನೊಬ್ಬ ಬಂದು ಸೆರಗು ಎಳೆದ. ಕೈಯಲ್ಲಿ ಅವನಿಗಿಂತ ಉದ್ದದ ಕರಿ ಕೊಡೆ.

“ಟೀಚರ್, ಇವತ್ತು ಬೇಗ ಬಿಡ್ತೀರಾ? ಅಜ್ಜಿಗೆ ಕೊಡೆ ಕೊಡ್ಲಿಕ್ಕೆ ಉಂಟು.”

ಅವನ ಅಜ್ಜಿ ತೀರಿಹೋಗಿ ಆಗ ಹನ್ನೆರಡು ದಿನ.

ಮಂಗಳೂರು ಕಡೆಯ ಒಂದು ಪ್ರೊಟೆಸ್ಟೆಂಟ್ ಸಭೆಯಲ್ಲಿ ನಡೆದದ್ದು ಇದು. ಸಭೆಯ ಹೆಸರಾಗಲಿ, ಮನೆಯವರ ಹೆಸರಾಗಲಿ ಬರೆಯುವುದಿಲ್ಲ. ಹುಡುಗನನ್ನು ಪುಟ್ಟ ಅಂತಲೇ ಕರೆಯುತ್ತೇನೆ. ಅವನ ತಾಯಿ ಇದನ್ನು ಮೊದಲೇ ಓದಿ, “ಹಾಕಿ ಅಕ್ಕ, ನನ್ನ ಹಾಗೆ ಬೇರೆಯವರೂ ಇರಬಹುದು” ಎಂದಿದ್ದಾರೆ. ಮಕ್ಕಳಿಗೆ ಪರಲೋಕದ ವಿಷಯ ಹೇಳಿಕೊಡುವ ಟೀಚರುಗಳಿಗೂ ತಂದೆತಾಯಿಗಳಿಗೂ ಇದು ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನೂ ಬಿಡದೆ ಹೇಳುತ್ತೇನೆ.

ಮನೆಯಲ್ಲಿ ಆದದ್ದು

ಪುಟ್ಟನ ಅಪ್ಪ ಗಲ್ಫಿನಲ್ಲಿ. ಅಮ್ಮ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವಾಗ ಸಂಜೆ. ಹಾಗಾಗಿ ಅವನನ್ನು ಸಾಕಿದ್ದು ಅಜ್ಜಿಯೇ ಅನ್ನಬೇಕು. ಮಧ್ಯಾಹ್ನ ಬಂಗುಡೆಯ ಮುಳ್ಳು ಬಿಡಿಸಿ, ಕುಚ್ಚಲಕ್ಕಿ ಅನ್ನದಲ್ಲಿ ಕಲಸಿ, ತುತ್ತು ಮಾಡಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರಂತೆ. ಮುಳ್ಳು ಬಿಡಿಸಿದ್ದು ಅಜ್ಜಿಯೇ ಅಲ್ಲದಿದ್ದರೆ ಅವನು ಮೀನು ಮುಟ್ಟುತ್ತಿರಲಿಲ್ಲ. ರಾತ್ರಿ ಮಲಗುವುದೂ ಅಜ್ಜಿಯ ಪಕ್ಕ.

ಒಂದು ಬೆಳಿಗ್ಗೆ ಅಜ್ಜಿ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು. ಪುಟ್ಟ ಅದೇ ಹಾಸಿಗೆಯಲ್ಲಿದ್ದ.

ಆಮೇಲೆ ಮನೆಯಲ್ಲಿ ಗಲಾಟೆ, ಅಳು, ಜನ. ಅಮ್ಮ ಅವನನ್ನು ಎತ್ತಿಕೊಂಡು, “ಅಜ್ಜಿ ಮಲಗಿದ್ದಾರೆ ಮಗಾ, ಎಬ್ಬಿಸಬೇಡ” ಎಂದರು. ಆ ಹೊತ್ತಿಗೆ ಬಾಯಿಗೆ ಬಂದ ಮಾತು ಅದು. ಅವರನ್ನು ದೂರುವ ಹಾಗಿಲ್ಲ, ಯಾಕಂದ್ರೆ ನಮ್ಮ ಸಭೆಯ ಭಾಷೆಯೇ ಹಾಗಿದೆ. ಕನ್ನಡ ಕ್ರೈಸ್ತರಲ್ಲಿ ಯಾರಾದರೂ ತೀರಿಹೋದರೆ ‘ಕರ್ತನಲ್ಲಿ ನಿದ್ರೆಹೋದರು’ ಎನ್ನುತ್ತೇವೆ. ಗೋರಿಯ ಕಲ್ಲಿನ ಮೇಲೂ ಅದನ್ನೇ ಕೆತ್ತಿಸುತ್ತೇವೆ. ಬೈಬಲಿನಲ್ಲಿ, ಥೆಸಲೋನಿಕದವರಿಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲನು ‘ನಿದ್ರೆಹೋದವರು’ ಅಂತ ಬರೆದ. ಅಲ್ಲಿಂದ ಬಂದ ಮಾತು ಇದು. ಇಂಗ್ಲಿಷಿನವರು ಸಮಾಧಿ ಸ್ಥಳಕ್ಕೆ ಸೆಮೆಟ್ರಿ ಅನ್ನುತ್ತಾರಲ್ಲ, ಅದರ ಮೂಲದ ಗ್ರೀಕ್ ಪದಕ್ಕೂ ಮಲಗುವ ಜಾಗ ಅಂತಲೇ ಅರ್ಥ. ದೊಡ್ಡವರಿಗೆ ಈ ಮಾತಿನಲ್ಲಿ ಸಮಾಧಾನ ಉಂಟು. ಮಲಗಿದವರು ಒಂದು ದಿನ ಏಳುತ್ತಾರೆ ಎಂಬ ನಂಬಿಕೆ ಅದರೊಳಗೇ ಇದೆ.

ನಾಲ್ಕೂವರೆ ವರ್ಷದವನಿಗೆ ಅದರಲ್ಲಿ ಕೇಳಿಸಿದ್ದೇ ಬೇರೆ. ಮಲಗಿದ್ದ ಅಜ್ಜಿಯನ್ನು ಪೆಟ್ಟಿಗೆಯಲ್ಲಿ ಹಾಕಿದರು. ಮುಚ್ಚಳ ಮುಚ್ಚಿದರು. ಮಣ್ಣು ಹಾಕಿದರು. ಈಗ ಮಳೆ ಬರುತ್ತಿದೆ.

ಅವನ ಹತ್ತಿರ ಇದ್ದದ್ದು ಇದೊಂದೇ ಉತ್ತರವೂ ಅಲ್ಲ. ಪಕ್ಕದ ಮನೆಯ ಆಂಟಿ, “ಅಜ್ಜಿ ನಕ್ಷತ್ರ ಆಗಿದ್ದಾರೆ, ಮೇಲಿಂದ ನೋಡ್ತಾರೆ” ಎಂದಿದ್ದರು. ಜೂನ್ ತಿಂಗಳ ಕರಾವಳಿಯಲ್ಲಿ ನಕ್ಷತ್ರ ಎಲ್ಲಿಂದ ಕಾಣಬೇಕು? ಸಂಬಂಧಿಕರೊಬ್ಬರು, “ಒಳ್ಳೆಯವರನ್ನು ದೇವರು ಬೇಗ ಕರ್ಕೊಳ್ತಾರೆ” ಎಂದಿದ್ದರು. ದೊಡ್ಡಮ್ಮನ ಮಗ, ಎರಡನೇ ಕ್ಲಾಸಿನವನು, “ಮಣ್ಣಿನಡಿ ಹುಳ ತಿಂತದೆ” ಅಂತ ಗುಟ್ಟಾಗಿ ಹೇಳಿದ್ದ. ನಾಲ್ಕು ಉತ್ತರಗಳೂ ಒಂದೇ ತಲೆಯಲ್ಲಿ ಕೂತಿದ್ದವು.

ಅಮ್ಮ ಹೇಳಿದ ಲಕ್ಷಣಗಳು ಇವು. ರಾತ್ರಿ ಮಲಗಲು ಹಟ. ಲೈಟ್ ಆರಿಸಿದರೆ ಚೀರಾಟ. ಅಮ್ಮ ಕಣ್ಣು ಮುಚ್ಚಿದರೆ ರೆಪ್ಪೆಯನ್ನು ಬೆರಳಿನಿಂದ ಎತ್ತಿ ನೋಡುವುದು. ಹಗಲು ಬೇಕಂತಲೇ ತಂಟೆ. ಒಂದು ದಿನ ಹಾಲು ಚೆಲ್ಲಿದ್ದಕ್ಕೆ ಬೈದಾಗ, “ನಾನು ಒಳ್ಳೆಯವ ಆಗುವುದಿಲ್ಲ” ಎಂದನಂತೆ. ಅಮ್ಮನಿಗೆ ಅದು ಉದ್ಧಟತನ ಅನ್ನಿಸಿತ್ತು. ನನಗೆ ಕೇಳಿದಾಗ ಬೆನ್ನು ತಣ್ಣಗಾಯಿತು. ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾರಲ್ಲ, ಅವನು ಹುಷಾರಾಗಿದ್ದ ಅಷ್ಟೇ.

ನನ್ನ ಮೊದಲ ಪಾಠ

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆ ಭಾನುವಾರ ಮಾತ್ರ ನಾನು ವಿಚಾರಿಸಲೇ ಇಲ್ಲ. ಮಗುವಿಗೆ ದುಃಖ ಆಗಿದೆ, ಪರಲೋಕದ ಕಥೆ ಹೇಳಿದರೆ ಸರಿಹೋದೀತು ಅಂದುಕೊಂಡೆ. ಹನ್ನೊಂದು ವರ್ಷದಿಂದ ಪಾಠ ಮಾಡುವವಳಿಗೆ ಇಷ್ಟು ಧೈರ್ಯ ಬಂದುಬಿಡುತ್ತದೆ.

ಫ್ಲಾನೆಲ್ ಬೋರ್ಡ್ ತೆಗೆದೆ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 21ನೇ ಅಧ್ಯಾಯದಲ್ಲಿ ಬರುವ ಪರಲೋಕದ ಪಟ್ಟಣದ ಚಿತ್ರವನ್ನು ಅಂಟಿಸಿದೆ. ಹನ್ನೆರಡು ಬಾಗಿಲು, ಒಂದೊಂದು ಬಾಗಿಲೂ ಒಂದೊಂದು ಮುತ್ತು. ಗಾಜಿನಂಥ ಚಿನ್ನದ ಬೀದಿ. ಸೂರ್ಯ ಬೇಡ, ಚಂದ್ರ ಬೇಡ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಒಬ್ಬಳು, “ರಾತ್ರಿಯೇ ಇಲ್ವಾ? ಹಾಗಾದ್ರೆ ಮಲಗುವುದು ಯಾವಾಗ?” ಎಂದಳು. ಇನ್ನೊಬ್ಬ, “ಚಿನ್ನದ ರಸ್ತೆ ಬಿಸಿಲಿಗೆ ಕಾಲು ಸುಡ್ತದಾ?” ಎಂದ. ನಾನು ನಕ್ಕೆ.

ಪುಟ್ಟ ನಗಲಿಲ್ಲ. “ಅಲ್ಲಿಗೆ ಹೋಗ್ಲಿಕ್ಕೆ ಎಷ್ಟು ಹೊತ್ತು ಬೇಕು?”

“ಅದು ತುಂಬಾ ಚಂದದ ಜಾಗ ಪುಟ್ಟಾ. ಅಜ್ಜಿ ಅಲ್ಲಿ ಖುಷಿಯಾಗಿದ್ದಾರೆ.”

“ಹಾಗಾದ್ರೆ ನಾನೂ ಇವತ್ತೇ ಹೋಗ್ತೇನೆ.”

ಕ್ಲಾಸು ಮುಗಿದ ಮೇಲೆ ಅವನ ಅಮ್ಮನನ್ನು ಕೂರಿಸಿ ಎಲ್ಲ ಕೇಳಿದೆ. ಮೊದಲು ಮಾಡಬೇಕಾಗಿದ್ದ ಕೆಲಸ ಅದು. ಇಷ್ಟು ಚಿಕ್ಕ ಮಕ್ಕಳು ‘ನಾನೂ ಹೋಗ್ತೇನೆ’ ಅಂದರೆ ಸಾಮಾನ್ಯವಾಗಿ ಅದರ ಅರ್ಥ, ನನಗೆ ಅಜ್ಜಿಯನ್ನು ನೋಡಬೇಕು ಅಂತ. ಸಾಯುವುದು ಎಂದರೇನು ಅಂತಲೇ ಅವರಿಗೆ ಗೊತ್ತಿರುವುದಿಲ್ಲ. ಆದರೂ ಆ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಹತ್ತಿರ ಕೂತು ಕೇಳಬೇಕು. ಆ ಮಾತೇ ಮತ್ತೆ ಮತ್ತೆ ಬಂದರೆ, ಊಟ ನಿದ್ದೆ ವಾರಗಟ್ಟಲೆ ಕೆಟ್ಟರೆ, ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಸ್ಸಿಗೆಂದೇ ಬೇರೆ ವಿಭಾಗ ಇದೆ. ಪ್ರಾರ್ಥನೆ ಮಾಡುವವರು ಡಾಕ್ಟರ ಹತ್ತಿರ ಹೋಗಬಾರದು ಅಂತ ಎಲ್ಲೂ ಬರೆದಿಲ್ಲ. ಪುಟ್ಟನ ಅಮ್ಮನೂ ಡಾಕ್ಟರನ್ನು ಕಂಡರು. ಎರಡು ವಾರ ನೋಡೋಣ, ಮಗುವಿಗೆ ನಿಜ ಹೇಳಿ, ಅಂದರಂತೆ ಅವರು.

ನಿಜ ಹೇಳಿ. ನನ್ನ ಪಾಠದಲ್ಲಿ ಇಲ್ಲದೇ ಇದ್ದದ್ದು ಅದೇ. ಅಜ್ಜಿ ಸತ್ತಿದ್ದಾರೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ಪಾಯ ಹಾಕದೆ ನಾನು ಮುತ್ತಿನ ಬಾಗಿಲು ಇಡಲು ಹೋಗಿದ್ದೆ.

ಮಕ್ಕಳಿಗೆ ಏನು ತಿಳಿಯುತ್ತದೆ

ಹಂಗೇರಿಯ ಮನಶ್ಶಾಸ್ತ್ರಜ್ಞೆ ಮಾರಿಯಾ ನಾಗಿ ಮಕ್ಕಳ ಜೊತೆ ಮಾತಾಡಿ, ಅವರಿಂದ ಚಿತ್ರ ಬರೆಸಿ, 1948ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐದು ವರ್ಷದೊಳಗಿನ ಮಕ್ಕಳು ಸಾವನ್ನು ಎಲ್ಲೋ ಹೋಗಿರುವ ಹಾಗೆ, ಇಲ್ಲವೇ ನಿದ್ದೆಯ ಹಾಗೆ ನೋಡುತ್ತಾರೆ ಅಂತ ಅವರು ಕಂಡುಕೊಂಡರು. 1984ರಲ್ಲಿ ಸ್ಪೀಸ್ ಮತ್ತು ಬ್ರೆಂಟ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಅಷ್ಟರವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಸತ್ತವರು ವಾಪಸ್ ಬರುವುದಿಲ್ಲ, ಸತ್ತ ದೇಹ ಏನೂ ಮಾಡುವುದಿಲ್ಲ, ಸಾವು ಎಲ್ಲರಿಗೂ ಬರುತ್ತದೆ ಎಂಬ ಮೂರು ವಿಷಯಗಳು ಹೆಚ್ಚಿನ ಮಕ್ಕಳಿಗೆ ಐದರಿಂದ ಏಳು ವರ್ಷದ ಹೊತ್ತಿಗೆ ತಿಳಿಯುತ್ತವೆ ಎಂದರು. ಪುಟ್ಟನಿಗೆ ನಾಲ್ಕೂವರೆ. ಮೂರರಲ್ಲಿ ಒಂದೂ ಅವನಿಗೆ ಗೊತ್ತಿರಲಿಲ್ಲ. ಅಜ್ಜಿ ಬರುತ್ತಾರೆ, ಅಜ್ಜಿಗೆ ಚಳಿ ಆಗುತ್ತದೆ, ಅಜ್ಜಿಗೆ ಮಾತ್ರ ಹೀಗಾಗಿದೆ.

ಎರಡನೆಯದು ಗೊತ್ತಿದ್ದರೆ ಕೊಡೆಯ ಪ್ರಶ್ನೆಯೇ ಬರುತ್ತಿರಲಿಲ್ಲ.

ಲಾಜರನ ಕಥೆಯಲ್ಲಿ ಸಿಕ್ಕಿದ್ದು

ಏನು ಹೇಳಲಿ ಅಂತ ಹುಡುಕುತ್ತಾ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆದೆ. ಎಷ್ಟೋ ಸಲ ಪಾಠ ಮಾಡಿದ ಕಥೆ. ಆದರೆ ಒಂದು ಸಾಲನ್ನು ನಾನು ಯಾವತ್ತೂ ಸುಮ್ನೆ ದಾಟಿಹೋಗುತ್ತಿದ್ದೆ. ತಮ್ಮ ಗೆಳೆಯ ಲಾಜರ ನಿದ್ದೆ ಮಾಡುತ್ತಿದ್ದಾನೆ, ಎಬ್ಬಿಸಲು ಹೋಗುತ್ತೇನೆ ಅಂತ ಯೇಸುಸ್ವಾಮಿ ಹೇಳುತ್ತಾರೆ. ಶಿಷ್ಯರು ಏನೆನ್ನುತ್ತಾರೆ ಗೊತ್ತಾ? ನಿದ್ದೆ ಬಂದಿದ್ದರೆ ಒಳ್ಳೆಯದೇ ಆಯಿತು, ವಾಸಿಯಾಗುತ್ತಾನೆ ಎನ್ನುತ್ತಾರೆ! ಗಡ್ಡ ಮೀಸೆ ಬಂದ ಗಂಡಸರು ಪುಟ್ಟನ ಹಾಗೆಯೇ ಅರ್ಥ ಮಾಡಿಕೊಂಡಿದ್ದಾರೆ. ಆಗ ಯೇಸುಸ್ವಾಮಿ ಬಿಡಿಸಿ ಹೇಳುತ್ತಾರೆ, ಲಾಜರನು ಸತ್ತುಹೋದನು, ಅಂತ. 14ನೇ ವಚನ.

ನಿದ್ದೆ ಎಂಬ ಮಾತನ್ನು ಬಳಸಿದವರೇ, ಕೇಳಿದವರಿಗೆ ಗೊಂದಲ ಆದಾಗ ಅದನ್ನು ಬಿಟ್ಟು ನೇರವಾಗಿ ಹೇಳಿದ್ದಾರೆ. ಇದನ್ನು ಎರಡು ಸಾವಿರ ವರ್ಷದಿಂದ ಓದುತ್ತಾ ಬಂದಿದ್ದೇವೆ. ನಮ್ಮ ಮಕ್ಕಳಿಗೆ ಮಾತ್ರ ಇನ್ನೂ ನಿದ್ದೆಯೇ.

ಮುಂದಿನ ಭಾನುವಾರ ಬೋರ್ಡ್ ಇಲ್ಲ. ಚಾಪೆ ಹಾಕಿ ಮಕ್ಕಳನ್ನು ಸುತ್ತ ಕೂರಿಸಿದೆ. ಲಾಜರನಿಗೆ ಕಾಯಿಲೆ ಆಯಿತು, ಅವನು ಸತ್ತುಹೋದ ಎಂದೆ. ಆ ಪದ ನನ್ನ ಬಾಯಿಂದ ಬರಲು ಸ್ವಲ್ಪ ಕಷ್ಟವೇ ಆಯಿತು. ಸಾಯುವುದು ಅಂದ್ರೆ ಏನು? ಉಸಿರಾಡುವುದಿಲ್ಲ. ಹಸಿವಾಗುವುದಿಲ್ಲ. ನೋವಾಗುವುದಿಲ್ಲ. ಚಳಿ ಮಳೆ ಒಂದೂ ತಿಳಿಯುವುದಿಲ್ಲ. ನಿದ್ದೆ ಬೇರೆ, ಸಾವು ಬೇರೆ. ನಿದ್ದೆಯಲ್ಲಿ ಎದೆ ಮೇಲೆ ಕೆಳಗೆ ಆಗುತ್ತಾ ಇರುತ್ತದೆ ಅಂತ ಒಬ್ಬರ ಎದೆ ಮೇಲೆ ಒಬ್ಬರು ಕೈ ಇಟ್ಟು ನೋಡಿದರು. ಪುಟ್ಟ ತನ್ನ ಎದೆಯ ಮೇಲಿಟ್ಟ ಕೈಯನ್ನು ಕ್ಲಾಸು ಮುಗಿಯುವವರೆಗೂ ತೆಗೆಯಲಿಲ್ಲ.

ಆಮೇಲೆ ಯೇಸುಸ್ವಾಮಿ ಅತ್ತದ್ದನ್ನು ಹೇಳಿದೆ. “ದೇವರು ಅಳ್ತಾರಾ?” ಅಂತ ಎರಡು ಮೂರು ಮಕ್ಕಳು ಒಟ್ಟಿಗೆ ಕೇಳಿದರು. ಅಳ್ತಾರೆ. ಅಲ್ಲಿಗೇ ಕಥೆ ನಿಲ್ಲಿಸಿದೆ. ಲಾಜರ ಎದ್ದು ಬರುವ ಭಾಗವನ್ನು ಮುಂದಿನ ವಾರಕ್ಕೆ ಇಟ್ಟುಕೊಂಡೆ. ಅದು ಕಳ್ಳಾಟ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಆ ಮಗುವಿಗೆ ಸಾವು ಸಾವಾಗಿ ಒಂದು ವಾರವಾದರೂ ನಿಲ್ಲಬೇಕಿತ್ತು.

ಮುಂದಿನ ವಾರ ಕೇಳಿಯೇ ಕೇಳಿದ. “ಲಾಜರ ಎದ್ದ. ಅಜ್ಜಿ ಯಾಕೆ ಏಳುವುದಿಲ್ಲ?”

ಈ ಪ್ರಶ್ನೆಗೆ ನಾನು ತಯಾರಾಗಿದ್ದೆ, ಸಭಾಪಾಲಕರನ್ನು ಕೇಳಿಟ್ಟುಕೊಂಡಿದ್ದೆ. “ಲಾಜರನೂ ಮುಂದೆ ಅಜ್ಜ ಆಗಿ ಇನ್ನೊಮ್ಮೆ ಸತ್ತಿರಬೇಕು ಪುಟ್ಟಾ. ಅವನನ್ನೂ ಮಣ್ಣು ಮಾಡಿರಬೇಕು. ಅವನೂ ನಿನ್ನ ಅಜ್ಜಿಯೂ ಈಗ ಯೇಸುಸ್ವಾಮಿಯ ಹತ್ತಿರ ಇದ್ದಾರೆ ಅಂತ ನಾವು ನಂಬುತ್ತೇವೆ. ಎಲ್ಲರನ್ನೂ ಒಟ್ಟಿಗೆ ಎಬ್ಬಿಸುವ ದಿನ ಬರ್ತದೆ ಅಂತಲೂ ನಂಬುತ್ತೇವೆ. ಯಾವತ್ತು ಅಂತ ಗೊತ್ತಿಲ್ಲ.”

“ನಿಮಗೂ ಗೊತ್ತಿಲ್ವಾ?”

“ನನಗೂ ಗೊತ್ತಿಲ್ಲ.”

ಅದು ಅವನಿಗೆ ಹಿಡಿಸಿತು ಅಂತ ಕಾಣುತ್ತದೆ. ತಲೆ ಅಲ್ಲಾಡಿಸಿದ.

ಇದರ ನಡುವೆ ಒಂದು ಸಂಜೆ ಅಮ್ಮ ಅವನನ್ನು ಸಮಾಧಿಗೆ ಕರೆದುಕೊಂಡು ಹೋದರು. ಕೊಡೆ ತರಬೇಡ ಅನ್ನಬೇಡಿ ಅಂತ ನಾನೇ ಹೇಳಿದ್ದೆ. ಅಲ್ಲಿ ಅಮ್ಮ ಅವನಿಗೆ ಅದೇ ಮಾತುಗಳನ್ನು ಹೇಳಿದರು. ಅಜ್ಜಿ ಸತ್ತಿದ್ದಾರೆ, ಅವರಿಗೆ ಮಳೆ ಗೊತ್ತಾಗುವುದಿಲ್ಲ. ಇಬ್ಬರೂ ತುಂಬಾ ಅತ್ತರಂತೆ. ಹೊರಡುವಾಗ ಕೊಡೆಯನ್ನು ಗೋರಿಯ ಮೇಲಿಟ್ಟು ಎರಡು ಹೆಜ್ಜೆ ಬಂದ. ತಿರುಗಿ ಹೋಗಿ ಎತ್ತಿಕೊಂಡ. “ಅಜ್ಜಿಗೆ ಬೇಡ. ಅಮ್ಮಾ, ನೀನು ಒದ್ದೆ ಆಗ್ತಿದ್ದೀ.”

ಕುರಿ ಕಾಣದ ಊರಿನಲ್ಲಿ ಕುರುಬ

ಸಾವಿನ ಮಾತು ಆಯಿತು. ಇನ್ನು ಪರಲೋಕದ್ದು. ಈ ಸಲ ಜಾಗದ ಬಗ್ಗೆ ಹೇಳಬಾರದು, ಅಲ್ಲಿ ಯಾರಿದ್ದಾರೆ ಎನ್ನುವುದನ್ನು ಹೇಳಬೇಕು ಅಂತ ನಿರ್ಧಾರ ಮಾಡಿದೆ. ರೋಮಿನಲ್ಲಿ 1954ರಲ್ಲಿ ಸೋಫಿಯಾ ಕವಲೆಟ್ಟಿ ಎಂಬ ಸತ್ಯವೇದ ಪಂಡಿತೆ, ಮಾಂಟೆಸ್ಸರಿ ಪದ್ಧತಿ ಕಲಿತಿದ್ದ ಜಿಯಾನ್ನಾ ಗೊಬ್ಬಿ ಜೊತೆ ಸೇರಿ ಚಿಕ್ಕ ಮಕ್ಕಳಿಗೆ ಪಾಠ ಶುರು ಮಾಡಿದರು. ಪುಟ್ಟ ಮರದ ಗೊಂಬೆಗಳು, ಮಕ್ಕಳು ಕೈಯಾಡಿಸುವ ಸಾಮಾನುಗಳು. ಮೂರರಿಂದ ಆರು ವರ್ಷದ ಮಕ್ಕಳು ಒಳ್ಳೇ ಕುರುಬನ ಕಥೆಗೆ ಮತ್ತೆ ಮತ್ತೆ ಬರುತ್ತಾರೆ ಎನ್ನುವುದನ್ನು ಅವರು ಕಂಡರು. ಕುರುಬ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಎನ್ನುವ ಕಥೆ.

ನಮ್ಮ ಕಷ್ಟ ಏನೆಂದರೆ ಈ ಕಡೆಯ ಮಕ್ಕಳಿಗೆ ಕುರಿ ಅಂದರೆ ಪುಸ್ತಕದ ಚಿತ್ರ. ಇಲ್ಲಿ ದನ ಉಂಟು, ಆಡು ಉಂಟು. ಹೆಸರು ಹಿಡಿದು ಕರೆಯುವ ಕುರುಬನಂತೂ ಯಾರಿಗೂ ಗೊತ್ತಿಲ್ಲ. ಆಗ ಸಹಾಯಕ್ಕೆ ಬಂದದ್ದು ಗೋವಿನ ಹಾಡು. ಕಾಳಿಂಗ ಎಂಬ ಗೊಲ್ಲ ದನಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವುದು ಮಕ್ಕಳಿಗೆ ಬಾಯಿಪಾಠ. “ಹಾಗೇ ಯೇಸುಸ್ವಾಮಿ ಕರೀತಾರೆ” ಎಂದರೆ ಸಾಕು, ಬೇರೆ ವಿವರಣೆ ಬೇಡ. ಸಂಡೇ ಸ್ಕೂಲಿನಲ್ಲಿ ಪುಣ್ಯಕೋಟಿ ಯಾಕೆ ಅಂತ ಒಬ್ಬರು ಹುಬ್ಬೇರಿಸಿದರು. ಕನ್ನಡದ ಮಕ್ಕಳಿಗೆ ಕನ್ನಡದ ದಾರಿಯಲ್ಲೇ ಹೇಳಬೇಕಲ್ವಾ?

ಜೇಡಿಮಣ್ಣಿನಲ್ಲಿ ಪ್ರಾಣಿಗಳನ್ನು ಮಾಡಿದರು, ಹೆಸರಿಟ್ಟರು. ಪುಟ್ಟ ಮಾಡಿದ ಕುರಿಗೆ ಕುರಿಯ ಲಕ್ಷಣ ಏನೂ ಇರಲಿಲ್ಲ. ಅದಕ್ಕೆ ಅಜ್ಜಿಯ ಹೆಸರಿಟ್ಟು ಕುರುಬನ ಕಾಲಿಗೆ ಅಂಟಿಸಿದ. ನಾನು ಏನೂ ಹೇಳಲಿಲ್ಲ.

ಎಲ್ಲರಿಗೂ ಇದು ಸರಿಬಂದಿತು ಅಂತಲ್ಲ. ಸಭೆಯ ಹಿರಿಯರೊಬ್ಬರು, “ವಿಶ್ವಾಸಿಗಳ ಬಗ್ಗೆ ಸತ್ತರು ಅನ್ನಬಾರದು, ಮಕ್ಕಳ ಮುಂದಂತೂ ಬೇಡವೇ ಬೇಡ” ಎಂದರು. ಅವರ ಮಾತಿನಲ್ಲಿ ದುರುದ್ದೇಶ ಇರಲಿಲ್ಲ. ಸಭಾಪಾಲಕರು ವಾದ ಮಾಡದೆ 14ನೇ ವಚನ ಓದಿ ಹೇಳಿದರು. ಹಿರಿಯರು ಒಪ್ಪಿದರೋ ಸುಮ್ಮನಾದರೋ ನನಗೆ ಈಗಲೂ ಸಂಶಯ.

ಅದಕ್ಕಿಂತ ಕಷ್ಟದ್ದು ಪುಟ್ಟ ಎಲ್‌ಕೆಜಿಯಿಂದ ತಂದ ಪ್ರಶ್ನೆ. ಅವನ ಗೆಳೆಯನ ಅಜ್ಜ ತೀರಿಹೋದಾಗ ಸುಟ್ಟರಂತೆ. “ಅವರೂ ಯೇಸುಸ್ವಾಮಿ ಹತ್ತಿರ ಇದ್ದಾರಾ?” ದೊಡ್ಡವರು ಶತಮಾನಗಟ್ಟಲೆ ಜಗಳಾಡಿದ ವಿಷಯ, ಐದು ತುಂಬದವನ ಬಾಯಲ್ಲಿ. “ಅದನ್ನು ದೇವರು ನೋಡಿಕೊಳ್ತಾರೆ. ದೇವರು ನಿನ್ನ ಗೆಳೆಯನ ಅಜ್ಜನನ್ನೂ ಪ್ರೀತಿಸ್ತಾರೆ. ನೀನು ಗೆಳೆಯನ ಹತ್ತಿರ ಕೂತು ಆಟ ಆಡು” ಎಂದೆ. ಮಗುವಿನ ತಲೆಯಲ್ಲಿ ನರಕದ ಭಯ ಬಿತ್ತುವ ಕೆಲಸ ನನ್ನದಲ್ಲ. ಇದರಲ್ಲಿ ಬೇರೆ ಟೀಚರುಗಳ ಅಭಿಪ್ರಾಯ ಬೇರೆ ಇರಬಹುದು, ಇದು ನನ್ನದು.

ಆಮೇಲೆ

ಜುಲೈ ಮಧ್ಯದ ಹೊತ್ತಿಗೆ ಅಮ್ಮನ ರೆಪ್ಪೆ ಎತ್ತುವುದು ನಿಂತಿತು. ಲೈಟ್ ಆರಿಸಲು ಆಗಸ್ಟ್ ಬೇಕಾಯಿತು. ‘ಒಳ್ಳೆಯವ ಆಗುವುದಿಲ್ಲ’ ಎನ್ನುವುದಕ್ಕೆ ಅಮ್ಮನೇ ಮದ್ದು ಹುಡುಕಿದರು. ಅವನಿಗೆ ಗೊತ್ತಿರುವ ಎಂಬತ್ತು ದಾಟಿದ ಅಜ್ಜ ಅಜ್ಜಿಯರ ಹೆಸರನ್ನೆಲ್ಲ ರಾತ್ರಿ ಹೇಳುತ್ತಾ, “ಇವರೆಲ್ಲ ಒಳ್ಳೆಯವರಲ್ವಾ? ಇನ್ನೂ ಇದ್ದಾರಲ್ಲ?” ಎಂದರಂತೆ. ನನಗೆ ಹೊಳೆಯದ ಉಪಾಯ. ಕಥೆಯಿಂದ ಎಷ್ಟು ಸರಿಹೋಯಿತು, ಅಮ್ಮನ ಅಪ್ಪುಗೆಯಿಂದ ಎಷ್ಟು, ದಿನ ಕಳೆದದ್ದರಿಂದ ಎಷ್ಟು, ಬಿಡಿಸಿ ಹೇಳಲು ಆಗುವುದಿಲ್ಲ. ಮೀನು ಮಾತ್ರ ಅವನು ಇನ್ನೂ ಮುಟ್ಟುತ್ತಿರಲಿಲ್ಲ.

ಈಸ್ಟರ್ ಹತ್ತಿರ ಬಂದಾಗ ಯೋಹಾನನ ಕೊನೆಯ ಅಧ್ಯಾಯದ ಕಥೆ ಹೇಳಿದೆ. ಸತ್ತು ಎದ್ದುಬಂದ ಯೇಸುಸ್ವಾಮಿ ಮುಂಜಾನೆ ಕೆರೆಯ ದಡದಲ್ಲಿ ನಿಂತಿದ್ದಾರೆ. ರಾತ್ರಿಯಿಡೀ ಬಲೆ ಹಾಕಿದ ಶಿಷ್ಯರಿಗೆ ಏನೂ ಸಿಕ್ಕಿಲ್ಲ. ಬಲಗಡೆ ಹಾಕಿ ಅಂತಾರೆ. 153 ದೊಡ್ಡ ಮೀನು! ದಡಕ್ಕೆ ಬಂದು ನೋಡಿದರೆ ಕೆಂಡದ ಮೇಲೆ ಮೀನು ಸುಡುತ್ತಿದೆ, ಪಕ್ಕದಲ್ಲಿ ರೊಟ್ಟಿ. ಬನ್ನಿ, ಊಟ ಮಾಡಿ ಅಂತಾರೆ. ಕರಾವಳಿಯ ಮಕ್ಕಳಿಗೆ ಇದನ್ನು ವಿವರಿಸುವ ಕೆಲಸವೇ ಇಲ್ಲ. ಬಲೆ, ದೋಣಿ, ಕೆಂಡದ ವಾಸನೆ, ಎಲ್ಲ ಅವರಿಗೇ ಗೊತ್ತು. ಯಾವ ಮೀನು ಅಂತ ಜಗಳ ಶುರುವಾಯಿತು. ಒಬ್ಬ ಅಂಜಲ್ ಎಂದ, ಇನ್ನೊಬ್ಬಳು ಬೂತಾಯಿ ಎಂದಳು. ಪರಲೋಕ ಅಂದ್ರೆ ಹೇಗಿರಬಹುದು ಅಂತ ಈಗ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕಥೆಯನ್ನೇ, ಚಿನ್ನದ ಬೀದಿಯನ್ನಲ್ಲ.

ಗಲಾಟೆಯ ನಡುವೆ ಪುಟ್ಟ ಹತ್ತಿರ ಬಂದ. ಈಗ ಅವನಿಗೆ ಐದು ದಾಟಿದೆ. “ಟೀಚರ್, ಅಜ್ಜಿಯ ಹಲ್ಲಿನ ಸೆಟ್ ಮನೆಯಲ್ಲೇ ಉಂಟು. ಗ್ಲಾಸಿನಲ್ಲಿ.”

“ಹೌದಾ? ಹಾಗಾದ್ರೆ ಅಲ್ಲಿ ಮೀನು ಹೇಗೆ ತಿಂತಾರೆ?”

ಸ್ವಲ್ಪ ಹೊತ್ತು ಯೋಚನೆ ಮಾಡಿದ.

“ಯೇಸುಸ್ವಾಮಿ ಮುಳ್ಳು ಬಿಡಿಸಿ, ಮೆತ್ತಗೆ ಮಾಡಿ ಕೊಡ್ತಾರೆ.”